ಉಪಭೋಗವು ಭೋಗವಾಗದಿರಲಿ

ಶ್ರೀ ವೀತರಾಗಾಯ ನಮಃ



ಭಾದ್ರಪದದಲ್ಲಿ ದಶಲಕ್ಷಣ ಪರ್ವವು ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ವ್ರತ-ನೋಂಪಿಗಳ ಉತ್ಸಾಹವು ತಾನಾಗಿಯೇ ಮೂಡುತ್ತದೆ. ಒಬ್ಬರು ಏಕಭುಕ್ತವನ್ನು ಹಿಡಿದರೆ ಇನ್ನೊಬ್ಬರು ಉಪವಾಸವನ್ನು ಕೈಕೊಳ್ಳುತ್ತಾರೆ. ಮತ್ತೊಬ್ಬರು ಹಾಲು, ಮೊಸರು, ತುಪ್ಪ, ಎಣ್ಣೆ, ಸಕ್ಕರೆ, ಉಪ್ಪು ಎಂಬ ಷಡ್ರಸಗಳಲ್ಲಿ ಒಂದೆರಡನ್ನು ತ್ಯಜಿಸುತ್ತಾರೆ. ಇದು ನಮ್ಮ ಸಮಾಜಕ್ಕೆ ಭೂಷಣವೇ ಸರಿ. ಆದರೆ ಅನಂತ ಚತುರ್ದಶಿ ಕಳೆದು ದಸರೆ-ದೀಪಾವಳಿಗಳು ಬಂದಾಗ ಅದೇ ಮನೆಗಳೊಳಗೆ ಹೊಸ ಹೊಸ ವಸ್ತುಗಳ ಮೆರವಣಿಗೆ ಆರಂಭವಾಗುತ್ತದೆ. ತಟ್ಟೆಗೆ ನಿಯಮವುಂಟು, ಕಪಾಟಿಗೆ ನಿಯಮವಿಲ್ಲ. ನಾಲಗೆಗೆ ಹಾಕಿದ ಲಗಾಮು ಕೈಗೆ ಇಲ್ಲ. ಈ ಕೈಯ ಸಂಯಮವನ್ನು ಕುರಿತು ಕೆಲವು ಮಾತುಗಳನ್ನು ತಮ್ಮ ಮುಂದೆ ಇಡಬಯಸುತ್ತೇನೆ.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ಮೂರು ಗುಣವ್ರತಗಳಲ್ಲಿ ಒಂದಾಗಿ ಎಣಿಸಿದ್ದಾರೆ. ಅಲ್ಲಿ ಅವರು ವಸ್ತುಗಳನ್ನು ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಒಮ್ಮೆ ಅನುಭವಿಸಿದೊಡನೆ ಮುಗಿದುಹೋಗುವುದು ಭೋಗ. ಅನ್ನವು ಅದಕ್ಕೆ ಉದಾಹರಣೆ. ಒಮ್ಮೆ ಅನುಭವಿಸಿದ ಮೇಲೆಯೂ ಮತ್ತೆ ಮತ್ತೆ ಅನುಭವಕ್ಕೆ ಒದಗುವುದು ಉಪಭೋಗ. ವಸ್ತ್ರವು ಅದಕ್ಕೆ ಉದಾಹರಣೆ. ತತ್ತ್ವಾರ್ಥಸೂತ್ರದ ಪರಂಪರೆಯಲ್ಲಿ ಇವೆರಡನ್ನೇ ಕ್ರಮವಾಗಿ ಉಪಭೋಗ, ಪರಿಭೋಗ ಎಂದು ಕರೆಯುವರು. ಹೆಸರು ಬೇರೆಯಾದರೂ ವಿಷಯ ಒಂದೇ.

ಈ ವಿಂಗಡಣೆಯನ್ನು ಪಾಠಶಾಲೆಯಲ್ಲಿ ಕಂಠಪಾಠ ಮಾಡಿದವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಇಂದಿನ ಪೇಟೆಯು ಇವೆರಡರ ನಡುವಣ ಗೋಡೆಯನ್ನೇ ಕೆಡವುತ್ತಿರುವುದನ್ನು ಎಷ್ಟು ಜನ ಗಮನಿಸಿದ್ದೇವೆ? ಹತ್ತು ಸಲ ಒಗೆಯುವಷ್ಟರಲ್ಲಿ ಬಣ್ಣಗೆಡುವ ಅಂಗಿ, ನಮ್ಮ ಬಿಸಿಲುನಾಡಿನ ಒಂದೆರಡು ಬೇಸಿಗೆಗೆ ಬಿರಿಯುವ ಪ್ಲಾಸ್ಟಿಕ್ ಕೊಡ, ತಿರುಪುಮೊಳೆಯೇ ಇಲ್ಲದೆ ಅಂಟಿನಿಂದ ಮುಚ್ಚಿ ಯಾರೂ ಬಿಚ್ಚಿ ರಿಪೇರಿ ಮಾಡಲಾರದಂತೆ ರಚಿಸಿದ ಯಂತ್ರ, ಇವೆಲ್ಲ ಹೆಸರಿಗೆ ಉಪಭೋಗ, ನಡತೆಯಲ್ಲಿ ಭೋಗ. ಅನ್ನವನ್ನು ಉಣ್ಣುವಂತೆ ನಾವು ಬಟ್ಟೆಯನ್ನೂ ಪಾತ್ರೆಯನ್ನೂ ಯಂತ್ರವನ್ನೂ ಉಂಡು ಮುಗಿಸುತ್ತಿದ್ದೇವೆ. ವ್ರತಕ್ಕೆ ಹಾನಿಯಾಗುವುದು ಇಲ್ಲಿಯೇ.

ಹಾನಿ ಹೇಗೆಂದು ಕೇಳಬಹುದು. ಗಣಿತದ ಉದಾಹರಣೆ ಕೊಡುವುದು ಅಧ್ಯಾಪಕನಾಗಿದ್ದವನ ಅಭ್ಯಾಸ, ವಾಚಕರು ಸಹಿಸಬೇಕು. ಒಬ್ಬ ಶ್ರಾವಕನು ತನ್ನ ಮನೆಯಲ್ಲಿ ಎರಡೇ ಕೊಡಗಳಿರಬೇಕೆಂದು ಪರಿಮಾಣ ಮಾಡಿಕೊಂಡನೆನ್ನಿ. ಅವು ಎರಡೆರಡು ವರ್ಷಕ್ಕೆ ಒಡೆಯುವಂಥವು. ನಲವತ್ತು ವರ್ಷಗಳ ಸಂಸಾರದಲ್ಲಿ ಅವನ ಮನೆಯೊಳಗೆ ಒಂದು ದಿನವೂ ಮೂರನೆಯ ಕೊಡ ಇರಲಿಲ್ಲ, ಲೆಕ್ಕ ಶುದ್ಧವಾಗಿದೆ. ಆದರೆ ಆ ಮನೆಯ ಹೊಸ್ತಿಲನ್ನು ೪೦ ಕೊಡಗಳು ದಾಟಿಹೋದವು. ಅವನ ನೆರೆಯವನು ಎರಡು ತಾಮ್ರದ ಕೊಡಗಳನ್ನು ತಂದನು. ತಗ್ಗು ಬಿದ್ದಾಗ ಬಡಿಸಿದನು, ತೂತು ಬಿದ್ದಾಗ ಬೆಸುಗೆ ಹಾಕಿಸಿದನು. ಅವನ ಹೊಸ್ತಿಲನ್ನು ದಾಟಿದುವು ಎರಡೇ. ಇಬ್ಬರ ಪರಿಮಾಣವೂ ಎರಡೇ ಆಗಿದ್ದರೂ ಇಬ್ಬರ ವ್ರತವೂ ಒಂದೇ ಎನ್ನಬಹುದೇ? ಎನ್ನಲಾಗದು. ಪರಿಮಾಣವನ್ನು ಎಣಿಕೆಯಿಂದ ಮಾತ್ರ ಮಾಡಿ ಕಾಲವನ್ನು ಮರೆತರೆ ವ್ರತವು ಅಕ್ಷರದಲ್ಲಿ ಉಳಿಯುತ್ತದೆ, ಅರ್ಥದಲ್ಲಿ ಸೋರುತ್ತದೆ.

ಆಚಾರ್ಯರು ಕಾಲವನ್ನು ಮರೆತವರಲ್ಲ. ಭೋಗೋಪಭೋಗದ ತ್ಯಾಗವು ಜೀವಾವಧಿಯದಾದರೆ ಯಮವೆಂದೂ, ಮಿತಕಾಲದ್ದಾದರೆ ನಿಯಮವೆಂದೂ ಹೇಳಿ, ಹಗಲು, ರಾತ್ರಿ, ಪಕ್ಷ, ಮಾಸ, ಋತು, ಅಯನ ಎಂದು ಕಾಲದ ಅಳತೆಗಳನ್ನೂ ಒದಗಿಸಿದ್ದಾರೆ. ವಾಹನ, ಶಯನ, ವಸ್ತ್ರ, ಆಭರಣಗಳೂ ಆ ನಿಯಮದ ಯಾದಿಯಲ್ಲಿವೆ. ನಾವು ಮಾತ್ರ ಅದನ್ನು ಊಟದ ಮಟ್ಟಿಗೆ ಇಳಿಸಿಕೊಂಡಿದ್ದೇವೆ. ಇನ್ನು ಪರಿಗ್ರಹ ಪರಿಮಾಣ ಅಣುವ್ರತವನ್ನು ನೋಡಿರಿ. ಹೊಲ-ಮನೆ, ಬೆಳ್ಳಿ-ಬಂಗಾರ, ದನ-ಧಾನ್ಯ ಮೊದಲಾದುವುಗಳ ಸಾಲಿನಲ್ಲಿ ಕೊನೆಗೆ ಕುಪ್ಯ ಎಂಬ ಮಾತು ಬರುತ್ತದೆ. ಬಟ್ಟೆಬರೆ, ಸಾಮಾನು-ಸರಂಜಾಮು ಎಲ್ಲ ಕುಪ್ಯದೊಳಗೆ ಅಡಕ. ಹೊಲವನ್ನು ದಿನಕ್ಕೊಂದು ಕೊಳ್ಳುವವರಿಲ್ಲ, ಬಂಗಾರವನ್ನು ತೂಗಿಯೇ ಕೊಳ್ಳುತ್ತೇವೆ. ತೂಗದೆ, ಎಣಿಸದೆ, ವಿಚಾರಿಸದೆ ಮನೆಯೊಳಗೆ ನುಗ್ಗುವುದು ಕುಪ್ಯವೊಂದೇ.

ಇದರಲ್ಲಿ ಹಿಂಸೆಯ ಅಂಶವೂ ಇದೆ. ಕಾರಣವಿಲ್ಲದೆ ಭೂಮಿಯನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಹೊತ್ತಿಸುವುದು, ಗಿಡಮರಗಳನ್ನು ಕಡಿಯುವುದು ಪ್ರಮಾದಚರ್ಯೆಯೆಂಬ ಅನರ್ಥದಂಡವೆಂದು ನಾವು ಬಲ್ಲೆವು. ಗೃಹಸ್ಥನಿಗೆ ಪಾತ್ರೆ ಬೇಕು. ಅದಕ್ಕಾಗಿ ಒಮ್ಮೆ ಅದಿರನ್ನು ಅಗೆದರೆ ಅದು ಪ್ರಯೋಜನವುಳ್ಳ ಆರಂಭ. ಆದರೆ ಒಂದು ಪಾತ್ರೆಯಿಂದ ಆಗುವ ಕೆಲಸಕ್ಕೆ ಹತ್ತು ಪಾತ್ರೆ ಮಾಡಿಸಿದರೆ ಒಂಬತ್ತು ಸಲ ಭೂಮಿಯನ್ನು ಅಗೆದದ್ದು, ಒಂಬತ್ತು ಸಲ ಕುಲುಮೆ ಉರಿದದ್ದು ಯಾರಿಗಾಗಿ? ಪೃಥ್ವೀಕಾಯ, ಜಲಕಾಯ, ಅಗ್ನಿಕಾಯ ಜೀವಗಳ ಆ ವಿರಾಧನೆಯು ನಮ್ಮ ಕಣ್ಣ ಮುಂದೆ ನಡೆಯುವುದಿಲ್ಲವಾದ್ದರಿಂದ ನಮ್ಮ ಮನಸ್ಸಿಗೆ ನಾಟುವುದಿಲ್ಲ. ಬೇಕೋ ಬೇಡವೋ ಎಂದು ವಿಚಾರಿಸದೆ ಮಾಡುವ ಆರಂಭವನ್ನೂ, ಅವಶ್ಯಕತೆಯನ್ನು ಮೀರಿ ಭೋಗಸಾಮಗ್ರಿಯನ್ನು ಕೂಡಿಹಾಕುವುದನ್ನೂ ಶಾಸ್ತ್ರವು ಅನರ್ಥದಂಡ ವ್ರತದ ಅತಿಚಾರಗಳಲ್ಲಿ ಸೇರಿಸಿರುವುದು ಸಕಾರಣವಾಗಿಯೇ ಇದೆ. ಗಟ್ಟಿಯಾದ ವಸ್ತುವೊಂದು ಕೆಲವೊಮ್ಮೆ ಅಹಿಂಸೆಗೆ ನೇರವಾಗಿಯೇ ನೆರವಾಗುತ್ತದೆ. ನೀರು ಸೋಸುವ ಅರಿವೆಯನ್ನೇ ನೋಡಿರಿ. ಅದು ದಪ್ಪ ನೂಲಿನದಾಗಿ, ತೂತಿಲ್ಲದೆ, ಎರಡು ಮಡಿಕೆಯಾಗುವಷ್ಟು ಅಗಲವಾಗಿರಬೇಕು. ಅಗ್ಗವೆಂದು ತೆಳು ಬಟ್ಟೆ ತಂದವನ ಗಾಳಿಸಿದ ನೀರು ಹೆಸರಿಗೆ ಮಾತ್ರ ಗಾಳಿಸಿದ್ದು.

ನಮ್ಮ ಪೂಜ್ಯ ಮುನಿಗಳತ್ತ ನೋಡಿದರೆ ಈ ವಿಷಯವು ಇನ್ನೂ ಸ್ಪಷ್ಟವಾಗುವುದು. ಸರ್ವಸಂಗ ಪರಿತ್ಯಾಗಿಗಳಾದ ದಿಗಂಬರ ಮುನಿಗಳ ಬಳಿ ಇರುವುದು ಮೂರೇ ಉಪಕರಣ: ಸಂಯಮಕ್ಕೆ ಪಿಂಛಿ, ಶೌಚಕ್ಕೆ ಕಮಂಡಲು, ಜ್ಞಾನಕ್ಕೆ ಶಾಸ್ತ್ರ. ಪಿಂಛಿಯ ಗರಿಗಳು ನವಿಲು ತಾನಾಗಿ ಉದುರಿಸಿದವು. ಮರದ ಇಲ್ಲವೆ ತೆಂಗಿನ ಕರಟದ ಕಮಂಡಲು ದೀರ್ಘಕಾಲ ಬಾಳುವಂಥದು. ಮೂರೂ ಅವಶ್ಯ, ಮೂರರಲ್ಲಿ ಒಂದೂ ಅಲಂಕಾರಕ್ಕಲ್ಲ. ಆ ಮುನಿಗಳ ಐದು ಸಮಿತಿಗಳಲ್ಲಿ ಮೂರು ನಮ್ಮ ಗೃಹಸ್ಥ ಜೀವನಕ್ಕೂ ಪಾಠ ಹೇಳುತ್ತವೆ. ಏಷಣಾ ಸಮಿತಿಯು ಶೋಧಿಸಿ ಸ್ವೀಕರಿಸುವುದನ್ನೂ, ಆದಾನ-ನಿಕ್ಷೇಪಣ ಸಮಿತಿಯು ನೋಡಿ ಎತ್ತಿ ನೋಡಿ ಇಡುವುದನ್ನೂ, ಪ್ರತಿಷ್ಠಾಪನಾ ಸಮಿತಿಯು ಜೀವಬಾಧೆಯಾಗದಂತೆ ವಿಸರ್ಜಿಸುವುದನ್ನೂ ಕಲಿಸುತ್ತವೆ. ಕೊಳ್ಳುವುದು, ಬಳಸುವುದು, ಬಿಡುವುದು: ವಸ್ತುವಿನೊಡನೆ ಗೃಹಸ್ಥನ ಸಂಬಂಧವೆಲ್ಲ ಈ ಮೂರರಲ್ಲಿ ಮುಗಿಯಿತು. ಇವುಗಳಲ್ಲಿ ನಾವು ಕೊಳ್ಳುವುದೊಂದನ್ನೇ ಉತ್ಸಾಹದಿಂದ ಮಾಡುತ್ತೇವೆ.

ನಮ್ಮ ಹಿರಿಯರು ಹೀಗಿರಲಿಲ್ಲ. ವಿಜಯಪುರ, ತಿಕೋಟಾ, ಬಬಲೇಶ್ವರದ ಸೀಮೆಯು ಬರಕ್ಕೆ ಹೆಸರಾದ ಸೀಮೆ. ಮಳೆ ಬಂದ ವರ್ಷ ಕೊಂಡದ್ದು ಬಾರದ ವರ್ಷಗಳನ್ನೂ ದಾಟಿಸಬೇಕಾಗಿತ್ತು. ಆದ್ದರಿಂದಲೇ ಮನೆಗಳಲ್ಲಿ ತಾಮ್ರದ ಹಂಡೆ, ಹಿತ್ತಾಳೆಯ ಕೊಳಗ, ಕಂಚಿನ ತಾಟು. ಕೊಳ್ಳುವಾಗಲೇ ಅಂಗಡಿಯಲ್ಲಿ ಕುಳಿತು ಹೆಸರು ಕೊರೆಸುತ್ತಿದ್ದರು. ವರ್ಷಕ್ಕೊಮ್ಮೆ ಕಲಾಯಿಯವನು ಓಣಿಗೆ ಬಂದು ತಿದಿಯೂದಿ ಪಾತ್ರೆಗಳ ಒಳಮೈಯನ್ನು ಬೆಳ್ಳಗೆ ಮಾಡಿಕೊಟ್ಟು ಹೋಗುತ್ತಿದ್ದನು. ಇಲಕಲ್ಲಿನ ನೂಲಿನ ಸೀರೆಯು ಹಬ್ಬಕ್ಕೆ ಉಟ್ಟು ಹಳೆಯದಾದ ಮೇಲೆ ದಿನಬಳಕೆಗೆ ಬಂದು, ಬಳಿಕ ಹರಿದ ಧೋತರಗಳ ಜೊತೆ ಕೌದಿಯಾಗಿ, ಕಡೆಗೆ ನೆಲ ಒರೆಸುವ ಅರಿವೆಯಾಗಿ ಮಣ್ಣು ಸೇರುತ್ತಿತ್ತು. ಒಂದು ಸೀರೆಗೆ ನಾಲ್ಕು ಜನ್ಮ! ಇದನ್ನು ಅವರು ಬಡತನವೆಂದು ತಿಳಿಯಲಿಲ್ಲ, ತ್ಯಾಗವೆಂದು ಹೇಳಿಕೊಳ್ಳಲೂ ಇಲ್ಲ. ಬಸದಿಯಲ್ಲಿ ಇಂದಿಗೂ ಆ ಪದ್ಧತಿಯೇ ಇದೆ. ಅಭಿಷೇಕದ ಕಲಶ, ಆರತಿಯ ತಟ್ಟೆ, ಗಂಟೆ, ದೀಪಸ್ತಂಭ, ಇವುಗಳ ಮೇಲೆ ಯಾವ ಕಾಲದಲ್ಲಿಯೋ ದಾನವಿತ್ತವರ ಹೆಸರುಗಳಿವೆ. ಭಗವಂತನ ಸನ್ನಿಧಿಗೆ ಬೇಗ ಹಾಳಾಗುವ ವಸ್ತು ತಕ್ಕುದಲ್ಲವೆಂದು ತಿಳಿದ ನಾವು ನಮ್ಮ ಮನೆಗೆ ಅದನ್ನೇ ತರುವುದೇಕೆ?

ಇಂದು ಕಾಲ ಬದಲಾಗಿದೆ. ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಭಾಗದ ಕೆರೆಗಳಿಗೂ ಹೊಲಗಳಿಗೂ ಬರತೊಡಗಿದೆ. ತಿಕೋಟಾ ಭಾಗದ ದ್ರಾಕ್ಷಿ-ಒಣದ್ರಾಕ್ಷಿಗಳು ದೂರದ ಪೇಟೆಗಳನ್ನು ಕಂಡಿವೆ. ಕೈಯಲ್ಲಿ ನಾಲ್ಕು ಕಾಸು ಓಡಾಡುವುದು ಸಂತೋಷದ ವಿಷಯ. ಆದರೆ ಕಾಸಿನ ಹಿಂದೆಯೇ ಕಂತಿನ ಸಾಲವೂ ಬಂದಿದೆ. ದ್ರಾಕ್ಷಿಗೆ ಧಾರಣೆ ಕುಸಿದ ವರ್ಷ, ಅಕಾಲ ಮಳೆಯಿಂದ ಗೊನೆ ಕೊಳೆತ ವರ್ಷ, ವಸ್ತು ಮೂಲೆ ಸೇರಿರುತ್ತದೆ, ಕಂತು ಮಾತ್ರ ಬಾಗಿಲಲ್ಲಿ ನಿಂತಿರುತ್ತದೆ. ಕೆಟ್ಟುಹೋದ ವಸ್ತುವಿಗೆ ಹಣ ಕಟ್ಟುತ್ತ ಕುಳಿತ ಗೃಹಸ್ಥನ ಆರ್ತಧ್ಯಾನವನ್ನು ಯಾವ ಉಪವಾಸ ನೀಗಿಸಬಲ್ಲದು?

ವಸ್ತುಗಳು ಬೇಗ ಕೆಡುವುದು ಸದಾ ಆಕಸ್ಮಿಕವಲ್ಲವೆಂಬುದನ್ನೂ ತಿಳಿದಿರಬೇಕು. ೧೯೨೪ರಲ್ಲಿ ಜಗತ್ತಿನ ದೊಡ್ಡ ವಿದ್ಯುದ್ದೀಪ ತಯಾರಕರು ಜಿನೀವಾ ನಗರದಲ್ಲಿ ಫೀಬಸ್ ಎಂಬ ಒಕ್ಕೂಟವನ್ನು ಕಟ್ಟಿಕೊಂಡರು. ಆಗ ೧೫೦೦ರಿಂದ ೨೦೦೦ ಗಂಟೆಗಳವರೆಗೆ ಉರಿಯುತ್ತಿದ್ದ ಬಲ್ಬಿನ ಆಯುಷ್ಯವನ್ನು ೧೦೦೦ ಗಂಟೆಗೆ ಇಳಿಸಬೇಕೆಂದು ಅವರು ಒಪ್ಪಂದ ಮಾಡಿಕೊಂಡರು. ಹೆಚ್ಚು ಕಾಲ ಉರಿಯುವ ಬಲ್ಬನ್ನು ಮಾಡಿದವರಿಗೆ ದಂಡ ವಿಧಿಸಿದರು. ಎರಡನೆಯ ಮಹಾಯುದ್ಧದ ಹೊತ್ತಿಗೆ ಆ ಒಕ್ಕೂಟವು ಮುರಿದುಬಿದ್ದರೂ ಅದರ ಬುದ್ಧಿ ಮಾತ್ರ ವ್ಯಾಪಾರಲೋಕದಲ್ಲಿ ಉಳಿದುಕೊಂಡಿತು. ಲೋಭವು ವಸ್ತುವಿನ ಆಯುಷ್ಯವನ್ನೇ ಕತ್ತರಿಸಿದ ಕಥೆಯಿದು. ನಮ್ಮ ಕೇಂದ್ರ ಸರಕಾರವು ೨೦೨೨ರ ಡಿಸೆಂಬರ್ ೨೪ರಂದು, ಕೊಂಡ ವಸ್ತುವನ್ನು ದುರಸ್ತಿ ಮಾಡಿಸಿಕೊಳ್ಳುವ ಹಕ್ಕಿನ ಬಗೆಗೆ ಗ್ರಾಹಕರಿಗೆ ಮಾಹಿತಿ ಒದಗಿಸುವ ಏರ್ಪಾಟನ್ನು ಆರಂಭಿಸಿತು. ಹಕ್ಕನ್ನು ಸರಕಾರ ಕೊಡಬಹುದು. ದುರಸ್ತಿ ಮಾಡಿಸುವ ಮನಸ್ಸನ್ನು ನಾವೇ ತಂದುಕೊಳ್ಳಬೇಕು.

ಆದರೂ ತಯಾರಕರ ಲೋಭವನ್ನೇ ದೂರಿ ಸುಮ್ಮನಾದರೆ ಅರ್ಧ ಸತ್ಯವನ್ನು ಹೇಳಿದಂತಾದೀತು. ಪರಿಗ್ರಹದ ದೋಷಕ್ಕೆ ದೃಷ್ಟಾಂತವಾಗಿ ರತ್ನಕರಂಡಕವು ಹೆಸರಿಸುವ ಶ್ಮಶ್ರುನವನೀತನ ಕಥೆ ತಮಗೆ ತಿಳಿದಿರಬಹುದು. ಗೊಲ್ಲರ ಮನೆಯಲ್ಲಿ ಮಜ್ಜಿಗೆ ಕುಡಿದಾಗ ಮೀಸೆಗಂಟಿದ ಬೆಣ್ಣೆಯನ್ನು ಕೂಡಿಸಿ ಕೂಡಿಸಿ ಆತನು ಒಂದು ಮಡಕೆ ತುಪ್ಪ ಮಾಡಿದನು. ಚಳಿಗಾಲದ ಒಂದು ರಾತ್ರಿ ಆ ಮಡಕೆಯನ್ನು ಕಾಲ ಬಳಿ ತೂಗುಹಾಕಿ, ಕೆಳಗೆ ಬೆಂಕಿಯಿಟ್ಟುಕೊಂಡು ಮಲಗಿ ಯೋಚಿಸತೊಡಗಿದನು: ತುಪ್ಪ ಮಾರಿ ವ್ಯಾಪಾರಿಯಾಗುವೆ, ವ್ಯಾಪಾರದಿಂದ ಸಾಮಂತನಾಗುವೆ, ರಾಜನಾಗುವೆ, ಚಕ್ರವರ್ತಿಯಾಗುವೆ, ಆಗ ಸ್ತ್ರೀರತ್ನವು ನನ್ನ ಕಾಲನ್ನು ಒತ್ತುವಳು, ನಾನು ಪ್ರೀತಿಯಿಂದ ಹೀಗೆ ಒದೆಯುವೆ. ಒದ್ದ ಕಾಲು ಮಡಕೆಗೆ ತಗಲಿತು. ತುಪ್ಪ ಬೆಂಕಿಗೆ ಬಿದ್ದಿತು. ಉರಿಯು ಬಾಗಿಲನ್ನು ಮುಚ್ಚಿತು. ಅವನ ಕೈಯಲ್ಲಿದ್ದುದು ಒಂದು ಮಡಕೆ, ಮನಸ್ಸಿನಲ್ಲಿದ್ದುದು ಷಟ್ಖಂಡ. ಆದುದರಿಂದಲೇ ಪರಿಗ್ರಹ ಪರಿಮಾಣಕ್ಕೆ ಇಚ್ಛಾ ಪರಿಮಾಣವೆಂಬ ಇನ್ನೊಂದು ಹೆಸರು. ಇಂದು ಕಂತಿನ ಅಂಗಡಿಯವನು ಮಾರುವುದು ವಸ್ತುವನ್ನಲ್ಲ. ಆ ಶ್ಮಶ್ರುನವನೀತನ ಕನಸನ್ನು.

ಇಲ್ಲಿ ಕೆಲವು ಶಂಕೆಗಳು ಏಳುವುದು ಸಹಜ. ಗಟ್ಟಿ ವಸ್ತು ದುಬಾರಿ, ಬಡ ಶ್ರಾವಕನು ಏನು ಮಾಡಬೇಕು ಎಂಬುದು ಮೊದಲನೆಯದು. ನಿಜ, ಒಮ್ಮೆಗೇ ಹೆಚ್ಚು ಹಣ ಹೂಡುವ ಶಕ್ತಿ ಎಲ್ಲರಿಗಿಲ್ಲ. ಅಂಥವರು ಅಗ್ಗದ್ದನ್ನು ಕೊಂಡರೆ ಅದು ದೋಷವೆಂದು ಹೇಳಲು ನಾವಾರು? ಇಲ್ಲಿ ಹೊಣೆ ಉಳ್ಳವರದು. ಮದುವೆ, ಉದ್ಯಾಪನೆಗಳಿಗೆ ಬೇಕಾಗುವ ದೊಡ್ಡ ಪಾತ್ರೆ, ತಾಟು, ಜಮಖಾನಗಳನ್ನು ಗಟ್ಟಿಯಾದುವನ್ನೇ ಕೊಂಡು ಬಸದಿಯ ಉಗ್ರಾಣದಲ್ಲಿರಿಸಿದರೆ ಹತ್ತು ಮನೆಗಳು ಹತ್ತು ಸಲ ಕೊಳ್ಳುವುದು ತಪ್ಪುತ್ತದೆ. ಒಬ್ಬರ ಪರಿಗ್ರಹವು ಹತ್ತು ಜನರ ಉಪಕರಣವಾಗುತ್ತದೆ.

ಎರಡನೆಯ ಶಂಕೆ ಇನ್ನೂ ಸೂಕ್ಷ್ಮವಾದುದು. ಬಹುಕಾಲ ಬಾಳುವ ವಸ್ತುವಿನ ಮೇಲೆ ಮಮತೆ ಹೆಚ್ಚುವುದಿಲ್ಲವೇ? ಉಮಾಸ್ವಾಮಿ ಆಚಾರ್ಯರು ಪರಿಗ್ರಹದ ಮೂಲವನ್ನು ವಸ್ತುವಿನಲ್ಲಿ ತೋರಿಸದೆ ಮಮತೆಯಲ್ಲಿ ತೋರಿಸಿರುವುದರಿಂದ ಈ ಪ್ರಶ್ನೆ ಅವಶ್ಯವಾದುದೇ. ಉತ್ತರವಿಷ್ಟು: ಯತ್ನವು ಬೇರೆ, ಮೂರ್ಛೆಯು ಬೇರೆ. ಪಾತ್ರೆಯನ್ನು ತಿಕ್ಕಿ ಒರೆಸಿ ಇಡುವುದು ಯತ್ನ; ನೆರೆಯವರು ಕೇಳಿದಾಗ ಕೊಡಲಾರದೆ ಅಡಗಿಸಿಡುವುದು ಮೂರ್ಛೆ. ಇದೇ ಪರೀಕ್ಷೆ. ಕೊಡಲು ಬರುವಂತಿದ್ದರೆ ಅದು ಉಪಕರಣ, ಬಾರದಿದ್ದರೆ ಅದು ಬಂಧನ. ಬಾಳಿಕೆಯೊಂದೇ ಅಳತೆಗೋಲೂ ಅಲ್ಲ. ತೊಗಲಿನ ವಸ್ತು ಬಹಳ ಕಾಲ ಬಾಳೀತು, ಆದರೆ ಅದು ಶ್ರಾವಕನಿಗೆ ತಕ್ಕುದಲ್ಲ. ಮಿತಿಯಿಲ್ಲದ ಗಟ್ಟಿತನವೂ ವ್ರತವಲ್ಲ. ನಮ್ಮ ನಗರದ ಬಾರಾ ಕಮಾನನ್ನು ನೋಡಿರಿ. ತಂದೆಯ ಗೋಲಗುಂಬಜವನ್ನು ಮೀರಿಸುವ ಗೋರಿ ತನಗಾಗಬೇಕೆಂದು ಎರಡನೆಯ ಅಲಿ ಆದಿಲ್‌ಶಾಹನು ಕಟ್ಟಿಸತೊಡಗಿದನು. ೧೬೭೨ರಲ್ಲಿ ಅವನು ತೀರಿಕೊಂಡಾಗ ಕಟ್ಟಡವು ಕಮಾನುಗಳಲ್ಲೇ ನಿಂತಿತ್ತು, ಇಂದಿಗೂ ಹಾಗೆಯೇ ನಿಂತಿದೆ. ಕಲ್ಲು ಗಟ್ಟಿಯಾಗಿಯೇ ಇತ್ತು, ಇಚ್ಛೆಗೆ ಪರಿಮಾಣವಿರಲಿಲ್ಲ. ಇದೇ ನೆಲದಲ್ಲಿ, ತಿಕೋಟಾ ಬಳಿಯ ಬಿಜ್ಜರಗಿಯಲ್ಲಿ ಹುಟ್ಟಿ ವಿಜಯಪುರದ ಜ್ಞಾನಯೋಗಾಶ್ರಮದಲ್ಲಿದ್ದ ಶ್ರೀ ಸಿದ್ಧೇಶ್ವರ ಸ್ವಾಮಿಗಳನ್ನು ಎಲ್ಲ ಮತದವರೂ ಗೌರವದಿಂದ ಕಂಡರು. ೨೦೨೩ರ ಜನವರಿ ೨ರಂದು ದೇಹವಿಟ್ಟ ಆ ಮಹನೀಯರು ತೊಡುತ್ತಿದ್ದುದು ಜೇಬಿಲ್ಲದ ಅಂಗಿ. ಸಂಗ್ರಹಕ್ಕೆ ಸ್ಥಳವೇ ಇಲ್ಲದ ಉಡುಪು! ಗುಣವು ಎಲ್ಲಿದ್ದರೂ ಅದನ್ನು ಕಂಡು ಪ್ರಮೋದಗೊಳ್ಳುವುದು ನಮ್ಮ ಧರ್ಮ.

ಹಾಗಾದರೆ ಗೃಹಸ್ಥನು ಏನು ಮಾಡಬೇಕು? ಬರುವ ಅಯನದ ಮಟ್ಟಿಗೆ, ಎಂದರೆ ಆರು ತಿಂಗಳ ಮಟ್ಟಿಗೆ, ಐದು ನಿಯಮಗಳನ್ನು ಬಸದಿಯಲ್ಲಿ ಸಂಕಲ್ಪಿಸಿಕೊಳ್ಳಬಹುದು.

ಮೊದಲನೆಯದು, ಪಕ್ಷ ನಿಯಮ. ಅವಶ್ಯವೆಂದು ತೋರಿದ ವಸ್ತುವನ್ನೂ ಹದಿನೈದು ದಿನ ಕಾಯದೆ ಕೊಳ್ಳದಿರುವುದು. ಕಾಯುವಷ್ಟರಲ್ಲಿ ಎಷ್ಟೋ ಅವಶ್ಯಕತೆಗಳು ತಾವಾಗಿ ಕರಗಿಹೋಗುವುದನ್ನು ಕಾಣುವಿರಿ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಕಂಡದ್ದು ಮಾಘದವರೆಗೂ ಮನಸ್ಸಿನಲ್ಲಿ ಉಳಿಯುವುದು ಅಪರೂಪ.

ಎರಡನೆಯದು, ಶೋಧನ ನಿಯಮ. ಕೊಳ್ಳಲೇಬೇಕಾದಾಗ ಬಣ್ಣವನ್ನು ನೋಡದೆ ಬೆಸುಗೆಯನ್ನು ನೋಡುವುದು. ಬಿಚ್ಚಲು ಬರುವುದೇ, ಬಿಡಿಭಾಗ ನಮ್ಮ ಊರಲ್ಲಿ ಸಿಗುವುದೇ, ಐಎಸ್‌ಐ ಗುರುತಿದೆಯೇ, ಗ್ಯಾರಂಟಿಯ ಚೀಟಿ ಎಷ್ಟು ವರ್ಷದ್ದು ಎಂದು ವಿಚಾರಿಸುವುದು. ಬಟ್ಟೆಯಾದರೆ ನೂಲಿನದು, ಸಾಧ್ಯವಾದರೆ ಕೈಮಗ್ಗದ್ದು. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಜನಿಸಿ ೨೦೨೪ರ ಫೆಬ್ರವರಿ ೧೮ರಂದು ಡೋಂಗರಗಢದಲ್ಲಿ ಸಮಾಧಿ ಹೊಂದಿದ ಆಚಾರ್ಯ ವಿದ್ಯಾಸಾಗರ ಮಹಾರಾಜರ ಪ್ರೇರಣೆಯಿಂದ ಉತ್ತರದ ಪ್ರಾಂತಗಳಲ್ಲಿ ಕೈಮಗ್ಗದ ಕೇಂದ್ರಗಳು ಎದ್ದಿವೆ. ನಮಗಂತೂ ಇಲಕಲ್, ಗುಳೇದಗುಡ್ಡಗಳು ಕೂಗಳತೆಯಲ್ಲಿವೆ.

ಮೂರನೆಯದು, ರಕ್ಷಣ ನಿಯಮ. ತಿಂಗಳಿಗೊಂದು ದಿನ, ಚತುರ್ದಶಿಯ ಸಮೀಪದಲ್ಲಾದರೆ ಲೇಸು, ಮನೆಯ ವಸ್ತುಗಳನ್ನು ನೋಡಿಕೊಳ್ಳುವುದು. ಹರಿದುದಕ್ಕೆ ಹೊಲಿಗೆ, ಸಡಿಲಾದುದಕ್ಕೆ ತಿರುಪು, ಒಣಗಿದುದಕ್ಕೆ ಎಣ್ಣೆ. ಮಕ್ಕಳನ್ನು ಜೊತೆಗೆ ಕೂಡಿಸಿಕೊಂಡರೆ ಪಾಠಶಾಲೆಯಲ್ಲಿ ಕಲಿಸಲಾಗದ ಪಾಠ ಅವರಿಗೆ ದೊರೆಯುವುದು.

ನಾಲ್ಕನೆಯದು, ದಾನ ನಿಯಮ. ಶುಭಕಾರ್ಯಗಳಲ್ಲಿ ಆಯಾರವೆಂದು ಕೊಡುವ ಜಂಪರ್ ಖಣ, ಟವೆಲು, ಟೋಪಿಗಳು ಒಂದು ಟ್ರಂಕಿನಿಂದ ಇನ್ನೊಂದು ಟ್ರಂಕಿಗೆ ಪ್ರಯ��ಣ ಮಾಡುತ್ತಲೇ ಇರುತ್ತವೆ. ಅವುಗಳನ್ನು ತೊಡುವವರಿಲ್ಲ. ಅದು ಭೋಗವೂ ಅಲ್ಲ, ಉಪಭೋಗವೂ ಅಲ್ಲ, ಬರಿಯ ಸಂಚಾರ. ಹತ್ತು ಜನಕ್ಕೆ ನಿರುಪಯೋಗಿಯಾದುದನ್ನು ಹಂಚುವುದಕ್ಕಿಂತ ಒಬ್ಬರಿಗೆ ಉಪಯುಕ್ತವಾದುದನ್ನು ಕೊಡುವುದು ಮೇಲು. ಉದ್ಯಾಪನೆಯ ಊಟಕ್ಕೆ ಪ್ಲಾಸ್ಟಿಕ್ ತಟ್ಟೆ-ಲೋಟಗಳು ಬೇಡ. ೨೦೨೨ರ ಜುಲೈ ೧ರಿಂದ ಕಾನೂನೂ ಅವುಗಳನ್ನು ನಿಷೇಧಿಸಿದೆ.

ಐದನೆಯದು, ವಿಸರ್ಜನ ನಿಯಮ. ಬಳಸಲು ಬರುವುದನ್ನು ಬಳಸುವವರಿಗೆ ಕೊಡುವುದು. ಬಾರದುದನ್ನು ಕಂಡಲ್ಲಿ ಎಸೆಯದಿರುವುದು. ಕೆಟ್ಟ ಮೊಬೈಲು, ಬ್ಯಾಟರಿಗಳೊಳಗಿನ ವಿಷದ ಲೋಹಗಳು ತಿಪ್ಪೆಯಿಂದ ಮಣ್ಣಿಗೂ ನೀರಿಗೂ ಇಳಿದು ಅಸಂಖ್ಯ ಜೀವಗಳಿಗೆ ಬಾಧೆ ಕೊಡುತ್ತವೆ. ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದ ನಿಯಮಗಳು ವಿದ್ಯುನ್ಮಾನ ಕಸದ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ; ಅಂಥ ಕಸವನ್ನು ಅಧಿಕೃತ ಸಂಗ್ರಾಹಕರಿಗೆ ತಲುಪಿಸುವುದು ನಮ್ಮ ಪಾಲಿನ ಪ್ರತಿಷ್ಠಾಪನಾ ಸಮಿತಿ.

ಧರ್ಮಬಂಧುಗಳೇ, ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಅನಿತ್ಯವೇ ಮೊದಲನೆಯದು. ಬೇಗ ಹಾಳಾಗುವ ವಸ್ತುಗಳು ಅನಿತ್ಯವನ್ನು ಚೆನ್ನಾಗಿ ನೆನಪಿಸುವುವೆಂದು ಯಾರಾದರೂ ಭಾವಿಸಬಹುದು. ವಿಚಾರಿಸಿದರೆ ಸಂಗತಿ ತಿರುವುಮುರುವಾಗಿದೆ. ವರ್ಷಕ್ಕೊಮ್ಮೆ ಬದಲಾಗುವ ವಸ್ತುಗಳ ನಡುವೆ ಬಾಳುವವನಿಗೆ ಅವು ಹೋದವು, ನಾನು ಉಳಿದೆ ಎಂಬ ಭ್ರಮೆ ಬಲಿಯುತ್ತದೆ. ಅಜ್ಜಿಯ ಹೆಸರು ಕೊರೆದ ತಂಬಿಗೆಯಲ್ಲಿ ಮೊಮ್ಮಗಳು ನೀರು ತುಂಬುವಾಗ ಅವಳ ಬೆರಳು ಆ ಅಕ್ಷರಗಳಿಗೆ ತಗಲುತ್ತದೆ. ತಂಬಿಗೆ ಇದೆ, ಅಜ್ಜಿಯಿಲ್ಲ. ವಸ್ತುವೇ ಉಳಿಯುವುದು, ಒಡೆಯನೇ ಹೋಗುವುದು ಎಂಬ ಸತ್ಯವನ್ನು ಆ ತಂಬಿಗೆ ದಿನವೂ ಮೌನವಾಗಿ ಬೋಧಿಸುತ್ತದೆ. ನನ್ನದು ಎಂದು ಕೊರೆಸಿದ ಹೆಸರೇ ನನ್ನದಲ್ಲ ಎಂಬುದಕ್ಕೆ ಸಾಕ್ಷಿಯಾಗುತ್ತದೆ. ಉತ್ತಮ ಆಕಿಂಚನ್ಯದ ಬೀಜವು ಅಲ್ಲಿದೆ.

ಕೆಲವೇ ವಸ್ತು, ಗಟ್ಟಿ ವಸ್ತು, ಯತ್ನದಿಂದ ಬಳಸಿದ ವಸ್ತು, ಕೊಡಲು ಹಿಂಜರಿಯದ ವಸ್ತು: ಇಷ್ಟು ನಮ್ಮ ಮನೆಗಳಲ್ಲಿ ನೆಲೆಸಿದರೆ ಉಪಭೋಗವು ಉಪಭೋಗವಾಗಿಯೇ ಉಳಿಯುವುದು, ತಟ್ಟೆಯ ನಿಯಮಕ್ಕೆ ಕಪಾಟಿನ ನಿಯಮವೂ ಜೊತೆಗೂಡುವುದು. ಶ್ರೀ ಪಾರ್ಶ್ವಜಿನೇಂದ್ರರ ಪಾದಸ್ಮರಣೆಯಿಂದ ತಮ್ಮೆಲ್ಲರ ವ್ರತಗಳು ನಿರತಿಚಾರವಾಗಿ ನೆರವೇರಲಿ.

ಇತಿ ಶುಭಂ.